ನಾಲ್ಕು ತಿಂಗಳ ಮಗುವಿಗೆ ಬಜೆ ತೇಯ್ದು ಹಾಕಬಹುದೇ? ಅಜ್ಜಿಗೆ ಏನೆಂದು ಹೇಳಲಿ?

ಶ್ರೀನಿವಾಸಪುರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೆಂದು ತವರಿಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ, ಮನೆಯ ಹಿಂದೆಯೇ ಮಾವಿನ ತೋಪು, ಈಗ ಪೂರ್ತಿ ಹೂ ಬಿಟ್ಟಿದೆ. ಮಗಳಿಗೆ ಮೊನ್ನೆ ನಾಲ್ಕು ತಿಂಗಳು ತುಂಬಿತು. ನನ್ನ ಹಾಲೊಂದನ್ನೇ ಕುಡಿಯುತ್ತಾಳೆ, ತೂಕ ಚೆನ್ನಾಗಿ ಏರುತ್ತಿದೆ.

ನಮ್ಮ ಅಜ್ಜಿಗೆ ಎಪ್ಪತ್ತೆಂಟು ವರ್ಷ. ಅವರ ಬಳಿ ಒಂದು ಹಳೆಯ ಹಿತ್ತಾಳೆ ಡಬ್ಬಿ ಇದೆ. ಅದರೊಳಗೆ ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿ, ಹಿಪ್ಪಲಿ, ಜೊತೆಗೆ ಅಂಗೈಯಗಲದ ಸಾಣೆಕಲ್ಲು. ಬಜೆಯ ಬೇರನ್ನು ದೀಪದ ಉರಿಯಲ್ಲಿ ಸುಟ್ಟು ಕಪ್ಪಾಗಿಸಿ ಇಟ್ಟಿದ್ದಾರೆ. ವಾರಕ್ಕೆರಡು ಸಲ ಎಣ್ಣೆನೀರು ಹಾಕಿದ ಮೇಲೆ ಒಂದೊಂದನ್ನೂ ಎದೆಹಾಲಿನಲ್ಲಿ ಐದು ಸುತ್ತು ತೇಯ್ದು, ಒಂದು ಹನಿ ಜೇನುತುಪ್ಪ ಬೆರೆಸಿ, ಮಗುವಿನ ನಾಲಿಗೆಗೆ ಹಚ್ಚಬೇಕು ಎನ್ನುವುದು ಅವರ ಲೆಕ್ಕ. ನನ್ನ ಅಮ್ಮನಿಗೂ ನನಗೂ ಹಾಗೆಯೇ ಹಾಕಿದ್ದರಂತೆ. ಇಷ್ಟು ದಿನ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಂಡು ಬಂದಿದ್ದೇನೆ.

ಈಗ ಕಷ್ಟಕ್ಕೆ ಬಂದಿರುವುದು ಸಂಜೆಯ ಅಳು. ದೀಪ ಹಚ್ಚುವ ಹೊತ್ತಿಗೆ ಶುರುವಾದರೆ ಎರಡು ಗಂಟೆ ನಿಲ್ಲುವುದಿಲ್ಲ. ಕಾಲು ಮಡಚಿಕೊಂಡು, ಮುಖ ಕೆಂಪಾಗಿ ಅಳುತ್ತಾಳೆ. ‘ಹೊಟ್ಟೆ ಉಬ್ಬರಿಸಿದೆ, ಬಜೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಮಗು ಅಳುವುದನ್ನು ಕೈಕಟ್ಟಿಕೊಂಡು ನೋಡಲು ನನ್ನಿಂದಾಗದು’ ಎಂದು ಅಜ್ಜಿ ನಿನ್ನೆ ಕಣ್ಣೀರು ಹಾಕಿದರು. ನನ್ನನ್ನು ಎತ್ತಿ ಆಡಿಸಿದ ಕೈ ಅದು. ಅವರ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಮಗುವಿಗೆ ಕೆಡುಕಾಗುವುದೂ ಬೇಡ.

ಇನ್ನೊಂದು ಮಾತು. ನಾನು ಹೆಚ್ಚು ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಾರೆ. ಹಾಲು ಕೊಟ್ಟ ಮೇಲೆ ಗಂಟಲು ಒಣಗಿ ಹೋಗುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಶಿರಾದ ನಿವೃತ್ತ ಆರೋಗ್ಯ ಸಹಾಯಕಿ

ತಂಗಿ, ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬಜೆ ಬೇಡ, ಜಾಯಿಕಾಯಿ ಬೇಡ, ಜೇನುತುಪ್ಪವಂತೂ ಬೇಡವೇ ಬೇಡ. ಆರು ತಿಂಗಳು ತುಂಬುವವರೆಗೆ ನಿನ್ನ ಹಾಲು ಬಿಟ್ಟು ಒಂದು ಹನಿ ನೀರೂ ಮಗುವಿಗೆ ಬೇಕಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲೂ ಬೇಕಿಲ್ಲ. ನೀನು ಮಾತ್ರ ಬಾಯಾರಿದಾಗಲೆಲ್ಲ ಕುಡಿ. ಹಾಲು ಕೊಡಲು ಕೂರುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರಲಿ. ಬೆಚ್ಚಗೆ ಕುಡಿಯಬೇಕೆಂದು ಅಜ್ಜಿ ಹೇಳಿದರೆ ಬೆಚ್ಚಗೇ ಕುಡಿ, ಅದರಿಂದ ನಷ್ಟವೇನೂ ಇಲ್ಲ. ಹೆರಿಗೆಯಾದ ಮೇಲೆ ಹೊಟ್ಟೆಯ ಸ್ನಾಯು ಸಡಿಲವಾಗಿರುತ್ತದೆ, ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಜೇನುತುಪ್ಪದ ವಿಷಯ. ಅದರಲ್ಲಿ ಬೊಟುಲಿನಂ ಎಂಬ ರೋಗಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲ, ಅಲ್ಲಿ ಮೊಳೆತು ವಿಷ ಬಿಡುತ್ತವೆ. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪಲು ಶಕ್ತಿ ಸಾಲದು, ಅಳುವಿನ ಸದ್ದು ಕುಗ್ಗುತ್ತದೆ, ಕತ್ತು ನಿಲ್ಲುವುದಿಲ್ಲ. ನಮ್ಮ ತೋಟದ ಗೂಡಿನಿಂದ ಇಳಿಸಿದ ಶುದ್ಧ ಜೇನು ಎಂದರೂ ಅಪಾಯ ತಪ್ಪಿದ್ದಲ್ಲ, ಬೀಜಕಣ ಬರುವುದು ಮಣ್ಣಿನಿಂದ.

ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಚಿಕ್ಕ ಮಕ್ಕಳಿಗೆ ವಾಂತಿ, ಮಂಪರು ತರಿಸುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಒಂದು ಮನೆಯಲ್ಲಿ ಮೂರು ತಿಂಗಳ ಕೂಸು ಬೆಳಗ್ಗೆ ಹತ್ತಕ್ಕೆ ಮಲಗಿದ್ದು ಸಂಜೆ ನಾಲ್ಕಾದರೂ ಎದ್ದಿರಲಿಲ್ಲ. ‘ನಿನ್ನೆಯಿಂದ ಬಜೆ ಹಾಕುತ್ತಿದ್ದೇವೆ, ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದೆ ನೋಡಿ’ ಎಂದು ತಾಯಿ ಸಂತೋಷದಿಂದ ಹೇಳಿದಳು. ನಾನು ಪಾದಕ್ಕೆ ಬೆರಳಿನಿಂದ ತಟ್ಟಿದೆ. ಕಾಲು ಎಳೆದುಕೊಳ್ಳಲಿಲ್ಲ. ಇನ್ನೊಮ್ಮೆ ತಟ್ಟಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡಿತು. ಅಲ್ಲಿಂದಲೇ ಬಸ್ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಮಗು ಉಳಿಯಿತು. ಮಗು ನಿದ್ದೆ ಮಾಡುವುದಕ್ಕೂ ಮಂಪರಿನಲ್ಲಿರುವುದಕ್ಕೂ ಇರುವ ಅಂತರವನ್ನು ಆ ದಿನದಿಂದ ಪ್ರತಿ ತಾಯಿಗೂ ತೋರಿಸಿ ಹೇಳುತ್ತಾ ಬಂದೆ.

ಬಜೆಯ ತುಂಡನ್ನು ಪೋಣಿಸಿ ಕೈಗೆ ಕಟ್ಟುವ ರೂಢಿಯೂ ಇದೆ. ನಾಲ್ಕು ತಿಂಗಳ ಮಗು ಕೈಯನ್ನೇ ಬಾಯಿಗೆ ಹಾಕುತ್ತದೆ, ಅದೂ ಹೊಟ್ಟೆಗೇ ಹೋಗುತ್ತದೆ. ದಾರ ಕಿತ್ತರೆ ಮಣಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಟ್ಟಿದ್ದರೆ ಇವತ್ತೇ ಬಿಚ್ಚು.

ಸಂಜೆಯ ಅಳು ಆರು ವಾರದ ಹೊತ್ತಿಗೆ ಜೋರಾಗಿದ್ದು, ಸಾಮಾನ್ಯವಾಗಿ ಮೂರು, ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಪ್ರತಿ ಸಲ ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ನಿನ್ನ ಮುಂಗೈ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸಿಕೊಂಡು, ತಲೆ ಮೊಣಕೈ ಬಳಿ ಬರುವ ಹಾಗೆ ಹಿಡಿದು, ಮನೆಯೊಳಗೆ ಓಡಾಡಿ. ಈ ಕೆಲಸ ಅಜ್ಜಿಗೆ ಕೊಡು. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ನಿರಾಕರಿಸುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡ, ಆಸ್ಪತ್ರೆಗೆ ಹೊರಡು.

ಚಿಂತಾಮಣಿಯ ಅಜ್ಜಿ

ಈ ಮಾತುಕತೆಯನ್ನು ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ನಾನು ನಾಲ್ಕು ಮಕ್ಕಳಿಗೆ, ಆರು ಮೊಮ್ಮಕ್ಕಳಿಗೆ ಬಜೆ ಹಾಕಿದವಳು. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಸಿಸ್ಟರ್ ಹೇಳಿದ್ದು ಸುಳ್ಳು ಎನ್ನುತ್ತಿಲ್ಲ. ಆದರೆ ಆ ಕಾಲದಲ್ಲಿ ನಮಗೆ ಬೇರೆ ಏನಿತ್ತು? ಮಗುವಿಗೆ ಜ್ವರ ಬಂದರೆ ಎತ್ತಿನ ಗಾಡಿ ಕಟ್ಟಿಸಬೇಕು, ಊರಿಗೆ ಬಸ್ ದಿನಕ್ಕೊಂದು. ನಮ್ಮ ಅತ್ತೆ ಕೊಟ್ಟ ಡಬ್ಬಿಯೇ ನಮ್ಮ ಆಸ್ಪತ್ರೆ. ನನ್ನ ಐದನೆಯ ಮಗು ಎರಡು ತಿಂಗಳಿಗೆ ಹೋಯಿತು. ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ, ಬಾಲಗ್ರಹ ಎಂದರು. ಈಗ ಇದನ್ನೆಲ್ಲ ಕೇಳಿದಾಗ ಮನಸ್ಸಿಗೆ ಏನೇನೋ ಬರುತ್ತದೆ.

ಆ ಹುಡುಗಿಯ ಅಜ್ಜಿಗೆ ‘ನಿಮಗೆ ಏನೂ ತಿಳಿಯದು’ ಎಂದು ಮಾತ್ರ ಹೇಳಬೇಡಿ. ಮಾಡಬಾರದು ಎನ್ನುವುದರ ಜೊತೆಗೆ ಏನು ಮಾಡಬಹುದು ಎಂದೂ ಹೇಳಿ. ಮಗುವಿಗೆ ಒಂದಷ್ಟು ಮಾಡದೆ ಕೈ ಸುಮ್ಮನಿರುವುದಿಲ್ಲ.

ಶಿರಾದ ನಿವೃತ್ತ ಆರೋಗ್ಯ ಸಹಾಯಕಿ

ಅಮ್ಮ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಆ ಮಗುವಿಗೆ ಏನಾಯಿತೋ ಈಗ ಯಾರೂ ಹೇಳಲಾರರು. ನೀವು ಮಾಡಿದ್ದು ನಿಮ್ಮ ಕೈಯಲ್ಲಿದ್ದ ಅತ್ಯುತ್ತಮವಾದದ್ದನ್ನೇ. ಆ ಭಾರವನ್ನು ದಯವಿಟ್ಟು ಹೊರಬೇಡಿ.

ಏನು ಮಾಡಬಹುದು ಎಂದು ಕೇಳಿದಿರಿ. ಎಣ್ಣೆನೀರು ನಿಮ್ಮ ಕೈಯಲ್ಲೇ ಇರಲಿ. ಬೆಚ್ಚಗಿನ ಕೊಬ್ಬರಿ ಎಣ್ಣೆಯಲ್ಲಿ ಹಗುರವಾಗಿ ನೀವುವುದು ಮಗುವಿಗೆ ಹಿತ, ಚರ್ಮಕ್ಕೂ ಒಳ್ಳೆಯದು. ಮೂಗು ಹಿಂಡಿ ನೇರ ಮಾಡುವುದು, ಎದೆ ಹಿಂಡಿ ಹಾಲು ತೆಗೆಯುವುದು, ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು ಬೇಡ. ಮೂಗಿಗೂ ಕಿವಿಗೂ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಸಾಂಬ್ರಾಣಿ ಹೊಗೆಯಲ್ಲಿ ಮಗುವನ್ನು ಹಿಡಿಯಬೇಡಿ, ಕೂದಲನ್ನು ಹತ್ತಿಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಣ್ಣಿಗೆ ಕಾಡಿಗೆ ಬೇಡ, ಅಂಗಡಿಯ ಎಷ್ಟೋ ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಅದು ಮಗುವಿನ ಮಿದುಳಿಗೆ ವಿಷ. ದೃಷ್ಟಿಯಾಗುತ್ತದೆ ಎಂಬ ಚಿಂತೆಯಿದ್ದರೆ ಮನೆಯಲ್ಲಿ ಮಾಡಿದ ಕಪ್ಪಿನ ಬೊಟ್ಟನ್ನು ಅಂಗಾಲಿಗೆ ಇಡಿ.

ಉಳಿದದ್ದೆಲ್ಲ ಬಾಣಂತಿಯ ಅಡುಗೆ. ಮೆಣಸು, ಜೀರಿಗೆ, ಶುಂಠಿ, ಓಮ, ಬೆಳ್ಳುಳ್ಳಿ ಎಲ್ಲವನ್ನೂ ತಾಯಿಯ ಸಾರಿನಲ್ಲಿ ಹಾಕಿ. ತಾಯಿ ಉಂಡದ್ದು ಹಾಲಾಗಿ ಮಗುವಿಗೆ ಸೇರುತ್ತದೆ. ನಿಮ್ಮ ಡಬ್ಬಿ ಅಡುಗೆಮನೆಗೆ ಹೋಗಲಿ.

ಕೊರಟಗೆರೆಯ ಮೂಲಿಕೆ ಮನೆಯವನು

ನಮ್ಮ ತಾತ ಸಿದ್ಧರಬೆಟ್ಟದಿಂದ ಬೇರು, ಸೊಪ್ಪು ತಂದು ಔಷಧಿ ಕೊಡುತ್ತಿದ್ದವರು. ಮೂಲಿಕೆಯ ಮೇಲೆ ಪ್ರೀತಿ ಇರುವವನಾಗಿಯೇ ಹೇಳುತ್ತಿದ್ದೇನೆ. ಹಲ್ಲು ಮೂಡದ ಮಗುವಿನ ಬಾಯಿಗೆ ತಾತ ಏನನ್ನೂ ಹಾಕುತ್ತಿರಲಿಲ್ಲ. ಮಗುವಿಗೆ ಹುಷಾರಿಲ್ಲ ಎಂದು ಬಂದರೆ ತಾಯಿಗೆ ಪಥ್ಯ ಹೇಳಿ ಕಳುಹಿಸುತ್ತಿದ್ದರು.

‘ಐದು ಸುತ್ತು’ ಎನ್ನುವ ಅಳತೆಯನ್ನು ನಂಬುವುದು ಹೇಗೆಂದು ಯೋಚಿಸಿ. ಬಜೆಯ ಬೇರು ಒಂದು ಕಡೆ ಕಿರುಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಹೆಬ್ಬೆರಳಿನಷ್ಟು. ಅಜ್ಜಿಯ ಕೈಯೊತ್ತು ಒಂದು, ಅಮ್ಮನ ಕೈಯೊತ್ತು ಇನ್ನೊಂದು. ಆರು ಕಿಲೋ ತೂಗುವ ಮಗುವಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಈಗಂತೂ ಸಂತೆಯಲ್ಲಿ, ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಪೊಟ್ಟಣದಲ್ಲಿ ಯಾವ ಬೇರು ಬೆರೆತಿದೆಯೆಂದು ನೋಡಿ ಹೇಳುವವರೇ ಕಡಿಮೆ. ಬೂಷ್ಟು ಹಿಡಿದ ಬೇರನ್ನೇ ತೊಳೆದು ಒಣಗಿಸಿ ಇಟ್ಟಿರುವುದನ್ನು ನಾನೇ ಕಂಡಿದ್ದೇನೆ.

ಮಗುವಿಗೆ ನೆಗಡಿಯಾದರೆ ಎದೆಗೆ ಕರ್ಪೂರ ಕಾಯಿಸಿದ ಎಣ್ಣೆ ಹಚ್ಚುವವರು ನಮ್ಮ ಕಡೆ ಬಹಳ. ಕರ್ಪೂರ ಎಳೆಯ ಚರ್ಮದ ಮೂಲಕವೇ ಒಳಗಿಳಿದು ಫಿಟ್ಸ್ ಬರಿಸಬಲ್ಲದು. ಹುಳಕ್ಕೆಂದು ಬೇವಿನ ಎಣ್ಣೆ ಕುಡಿಸುವುದು ಪ್ರಾಣಕ್ಕೇ ಅಪಾಯ. ಇವೆರಡನ್ನು ಮಕ್ಕಳ ಕೈಗೆ ಸಿಗದಂತೆ ಮೇಲೆ ಇಡಿ.

ಒಂದು ವರ್ಷ ದಾಟಿದ ಮಗುವಿಗೆ ಕೆಮ್ಮಿದ್ದರೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ನಿಜಕ್ಕೂ ಗಂಟಲಿಗೆ ಹಿತ. ದೊಡ್ಡಪತ್ರೆಯ ಎಲೆಯನ್ನು ಬಾಡಿಸಿ ಹಿಂಡಿದ ರಸ ನಮ್ಮ ಮನೆಯಲ್ಲಿ ಎರಡು, ಮೂರು ವರ್ಷದ ಮಕ್ಕಳಿಗೆ ಒಂದೆರಡು ಹನಿ ಕೊಡುತ್ತೇವೆ. ಉಬ್ಬಸ, ಪಕ್ಕೆ ಎಳೆತ ಇದ್ದರೆ ಯಾವ ಎಲೆಯನ್ನೂ ನೆಚ್ಚಿಕೊಂಡು ಕೂರುವುದಿಲ್ಲ. ಅಂಗಡಿಯ ಕೆಮ್ಮಿನ ಸಿರಪ್ಪನ್ನೂ ತಂದು ಸುರಿಯಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಹೊರಡಿಸಿದೆ.

ತೋಪಿನ ಪಕ್ಕದ ಮನೆಯವರಿಗೆ ಒಂದು ಮಾತು. ಮಾವು ಹೂ ಬಿಟ್ಟಾಗ ಔಷಧಿ ಹೊಡೆಯುತ್ತಾರೆ. ಆ ದಿನ ಮಗುವಿನ ಬಟ್ಟೆ ಹೊರಗೆ ಒಣಗಿಸಬೇಡಿ, ಕಿಟಕಿ ಹಾಕಿರಿ. ಔಷಧಿ ಹೊಡೆದು ಬಂದವರು ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಲಿ.

ಪಾವಗಡದ ಶಿಕ್ಷಕಿ

ಎಲ್ಲರೂ ಬೇರು, ಎಲೆಯ ವಿಷಯ ಬರೆದಿದ್ದೀರಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳ ಮಕ್ಕಳಿಗೆ ಅದಕ್ಕಿಂತ ದೊಡ್ಡ ವಿಷಯ ನೀರು. ಅದನ್ನು ಬಿಟ್ಟು ಆರೋಗ್ಯದ ಮಾತಾಡಿದರೆ ನನಗೆ ಅರ್ಧ ಮಾತಾಡಿದ ಹಾಗೆ ಅನಿಸುತ್ತದೆ.

ನನ್ನ ತರಗತಿಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಕಾಣುತ್ತದೆ. ಕೆಲವರು ಅದಕ್ಕೆಂದೇ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಒಬ್ಬ ಹುಡುಗಿ ಇದ್ದಿಲ ಪುಡಿಯಲ್ಲಿ ಉಜ್ಜಿ ಉಜ್ಜಿ ಒಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಉಜ್ಜಿದರೆ ಹೋಗುವ ಕೊಳೆ ಅಲ್ಲ ಅದು. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಸೇರಿದ ಫ್ಲೋರೈಡ್. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಕುಡಿದ ನೀರಿನ ಗುರುತು ಬಾಯಿತುಂಬ ಉಳಿಯುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗೂ ಬರುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಸೊಂಟ ಬಗ್ಗಿದ, ಕೀಲು ಮಡಚಲಾಗದ ಹಿರಿಯರನ್ನು ನೋಡದವರು ಯಾರಿದ್ದಾರೆ?

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರು ಸಿಗದಿದ್ದಾಗ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಲ್ಲಿ ಇದು ಎಷ್ಟೋ ಕಡೆ ಮೀರಿದೆ. ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬಿಟ್ಟುಕೊಳ್ಳುತ್ತದೆ, ಆಳಕ್ಕೆ ಹೋದಷ್ಟೂ ಆ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ.

ಎಲ್ಲ ತಾಯಂದಿರೂ ಗಮನಿಸಬೇಕಾದ ವಿಷಯ ಮುಂದಿನದು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕುದಿದು ಆವಿಯಾಗಿ ನೀರು ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ನಾನು ನನ್ನ ಮೊದಲ ಮಗನಿಗೆ ಬೋರ್‌ವೆಲ್ ನೀರನ್ನೇ ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಅದರಲ್ಲೇ ರಾಗಿ ಸರಿ ಕಾಯಿಸಿ ಕೊಟ್ಟವಳು. ಶ್ರದ್ಧೆಯಿಂದ ಮಾಡಿದೆ. ಇವತ್ತು ಅವನ ಮುಂದಿನ ಹಲ್ಲು ನೋಡಿದಾಗಲೆಲ್ಲ ನೆನಪಾಗುತ್ತದೆ. ಎರಡನೆಯ ಮಗಳ ಹೊತ್ತಿಗೆ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿತ್ತು. ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿ ತಂದು, ಕುಡಿಯಲು ಮಾತ್ರವಲ್ಲದೆ ಅವಳ ಸರಿ, ಅನ್ನ, ಬೇಳೆ ಬೇಯಿಸಲೂ ಅದನ್ನೇ ಬಳಸಿದೆ. ಬಹಳ ಮನೆಗಳಲ್ಲಿ ಕ್ಯಾನ್ ನೀರು ಕುಡಿಯಲು, ನಲ್ಲಿ ನೀರು ಅಡುಗೆಗೆ. ಗಂಜಿಗೆ ಹಾಕುವ ನೀರನ್ನೂ ಮಗು ಕುಡಿಯುತ್ತದಲ್ಲವೇ?

ಶ್ರೀನಿವಾಸಪುರದ ತಂಗಿಗೆ ಒಂದು ಸಮಾಧಾನದ ಮಾತು. ನೀವು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿಗೆ ಇಳಿಯುವುದು ತೀರಾ ಅತ್ಯಲ್ಪ. ಇಷ್ಟು ದಿನ ನಿಮ್ಮ ಮಗಳು ಕುಡಿದಿರುವುದು ಊರಿನಲ್ಲೇ ಅತ್ಯಂತ ಶುದ್ಧವಾದದ್ದು. ಆದರೆ ನಿಮ್ಮ ಮೂಳೆಗಾಗಿ ನೀವೂ ಕ್ಯಾನ್ ನೀರನ್ನೇ ಕುಡಿಯಿರಿ. ಊಟದಲ್ಲಿ ಕ್ಯಾಲ್ಸಿಯಂ, ನಿಂಬೆ, ನೆಲ್ಲಿಕಾಯಿ ಇದ್ದರೆ ಒಳ್ಳೆಯದು. ಹುಣಸೆಹಣ್ಣು ತಿಂದಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುತ್ತದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಹುಡುಗರಲ್ಲಿ ಪರೀಕ್ಷಿಸಿ ಕಂಡಿದ್ದಾರೆ. ಹಾಗೆಂದು ಹುಣಸೆಯನ್ನು ನಂಬಿ ಕೆಟ್ಟ ನೀರು ಕುಡಿಯಬೇಡಿ.

ಶಿಡ್ಲಘಟ್ಟದ ತಂದೆ

ನಮ್ಮದು ರೇಷ್ಮೆ ನೂಲು ಬಿಚ್ಚುವ ಕಸುಬು. ಮಕ್ಕಳ ವಿಷಯ ಹೆಂಗಸರು ನೋಡಿಕೊಳ್ಳುತ್ತಾರೆ ಎಂದು ದೂರ ಇದ್ದವನು ನಾನು. ಈಗ ಹಾಗಿಲ್ಲ, ಕಾರಣ ಬರೆಯುತ್ತೇನೆ.

ಮಗನಿಗೆ ಹದಿನಾಲ್ಕು ತಿಂಗಳಿದ್ದಾಗ ಭೇದಿ ಹತ್ತಿಕೊಂಡಿತು. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ಹಿರಿಯರು ಊಟ ನಿಲ್ಲಿಸಿದರು, ಜಾಯಿಕಾಯಿ ತೇಯ್ದು ಕೊಟ್ಟರು. ನಾನು ಮೆಡಿಕಲ್ ಅಂಗಡಿಯಿಂದ ಓಆರ್‌ಎಸ್ ಪೊಟ್ಟಣ ತಂದೆ. ಒಂದು ಲೀಟರಿಗೆ ಕಲಸಬೇಕಾದ ಇಡೀ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದೆ. ಗಟ್ಟಿಯಾಗಿದ್ದರೆ ಬೇಗ ಗುಣವಾಗುತ್ತದೆ ಎಂದುಕೊಂಡಿದ್ದೆ. ಮಗು ಒಂದೇ ಸಮನೆ ನೀರಿಗಾಗಿ ಅತ್ತಿತು, ತುಟಿ ಒಣಗಿತು, ಆಮೇಲೆ ಅಳುವುದನ್ನೇ ನಿಲ್ಲಿಸಿತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದೆವು. ಉಪ್ಪಿನ ಅಂಶ ಮೈಯಲ್ಲಿ ಏರಿಬಿಟ್ಟಿತ್ತು ಎಂದು ಡಾಕ್ಟರ್ ಹೇಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು.

ಮನೆಗೆ ಬಂದ ಮೇಲೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಒಂದು ಲೀಟರಿನ ಬಾಟಲಿ ತರಿಸಿ, ನನ್ನ ಕೈಯಿಂದಲೇ ಕಲಸಿ ತೋರಿಸಿದರು. ಪೊಟ್ಟಣ ಪೂರ್ತಿ, ನೀರು ಪೂರ್ತಿ ಒಂದು ಲೀಟರ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆತಟ್ಟಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ನಾಲಿಗೆಗೆ ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ಸ್ವಲ್ಪಸ್ವಲ್ಪವೇ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಕಲಸಿದ್ದು ಒಂದು ದಿನ ದಾಟಿದರೆ ಚೆಲ್ಲಬೇಕು. ಜೊತೆಗೆ ಸತುವಿನ ಮಾತ್ರೆ ಹದಿನಾಲ್ಕು ದಿನ, ಭೇದಿ ನಿಂತರೂ ಪೂರ್ತಿ. ಎದೆಹಾಲು, ಗಂಜಿ, ಮೊಸರನ್ನ ಯಾವುದನ್ನೂ ನಿಲ್ಲಿಸುವಂತಿಲ್ಲ.

ಕಣ್ಣು ಗುಳಿಬಿದ್ದರೆ, ಆರು ಗಂಟೆ ಮೂತ್ರವಾಗದಿದ್ದರೆ, ಮಗು ಜೋಲು ಬಿದ್ದರೆ 108ಕ್ಕೆ ಕರೆ ಮಾಡಿ. ನನ್ನಂತಹ ತಂದೆಯರು ಈ ಅಳತೆಯನ್ನು ಇವತ್ತೇ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ.

ಶ್ರೀನಿವಾಸಪುರದ ಮೊಮ್ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಚಿಂತಾಮಣಿಯ ಅಜ್ಜಿಯ ಮಾತನ್ನು ನಾನು ನಮ್ಮ ಅಜ್ಜಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ಮುಗಿದ ಮೇಲೆ ಅವರು ಎದ್ದು ಹೋಗಿ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಬಜೆಯ ತುಂಡು ಎತ್ತಿ ಕೊಟ್ಟು ‘ಇದನ್ನು ಎಲ್ಲಾದರೂ ಹಾಕು, ಮಿಕ್ಕದ್ದು ನಿನ್ನ ಸಾರಿಗೆ’ ಎಂದರು. ಸಂಜೆ ಮುಂಗೈ ಮೇಲೆ ಹೊಟ್ಟೆ ಕೆಳಗಾಗಿ ಎತ್ತಿಕೊಳ್ಳುವುದನ್ನು ಮೊದಲ ದಿನವೇ ಕಲಿತರು. ಮಗಳು ತಾತನ ಕಾಲದ ಆ ಪಡಸಾಲೆಯಲ್ಲಿ ಅವರ ಕೈ ಮೇಲೆ ತೂಗಾಡುತ್ತಾ ಅಳು ಮರೆಯುತ್ತಿದ್ದಾಳೆ.

ಈಗ ನನ್ನ ಊಟ ಅಜ್ಜಿಯ ಆಳ್ವಿಕೆಯಲ್ಲಿದೆ. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು. ಬೇಳೆ, ಕಾಳು ಮಾತ್ರ ವಾಯು ಎಂದು ಕೊಡುತ್ತಿಲ್ಲ. ಅವರೆಕಾಳಿನ ಕಾಲ, ಮನೆಯವರೆಲ್ಲ ಹಿತಕಿದ ಅವರೆ ಸಾರು ಉಣ್ಣುವಾಗ ನನಗೆ ಬಾಯಿ ನೀರೂರುತ್ತದೆ. ಇನ್ನೆರಡು ತಿಂಗಳಿಗೆ ಮಗುವಿಗೆ ಸರಿ ಶುರು ಮಾಡಬೇಕು, ಅದನ್ನೂ ಹೇಳಿಕೊಡಿ.

ಗುಬ್ಬಿಯ ಅಕ್ಕ

ಹಿತಕಿದ ಅವರೆ ಉಣ್ಣು ತಂಗಿ. ಮೊದಲ ದಿನ ಅರ್ಧ ಸೌಟು, ಹೊಟ್ಟೆಗೆ ಹಿಡಿಸಿದರೆ ಮರುದಿನ ಪೂರ್ತಿ. ಮಗುವಿಗೆ ಹಾಲು ಕೊಡುವವಳಿಗೆ ಕಾಳು, ಬೇಳೆ, ಮೊಟ್ಟೆಯಂತಹ ಬಲ ಕೊಡುವ ಆಹಾರ ಬೇಕೇಬೇಕು.

ರಾಗಿ ಸರಿ ನಮ್ಮ ಮನೆಯಲ್ಲಿ ಮಾಡುವ ಕ್ರಮ ಹೀಗಿದೆ. ರಾಗಿಯನ್ನು ಕಲ್ಲು, ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿಯಿಡೀ ನೆನೆಸುತ್ತೇವೆ. ಬೆಳಗ್ಗೆ ನೀರು ಬಸಿದು ತೆಳುವಾದ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೆ ಒಂದು ತಟ್ಟೆ ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿಡಬೇಕು. ಬೇಸಿಗೆಯಲ್ಲಿ ಒಂದೇ ದಿನ, ಚಳಿಯಲ್ಲಿ ಎರಡು ದಿನ. ಗಂಟು ಬಿಚ್ಚಿದಾಗ ಬಿಳಿ ಮೊಳಕೆ ಬಟ್ಟೆಯ ನೂಲಿನೊಳಗೆಲ್ಲ ಹೆಣೆದುಕೊಂಡಿರುತ್ತದೆ, ಹಸಿ ಮಣ್ಣಿನಂತಹ ಒಂದು ಸಿಹಿ ವಾಸನೆ ಬರುತ್ತದೆ. ಹುಳಿ ವಾಸನೆ ಬಂದರೆ ಎಸೆಯಬೇಕು, ಮಗುವಿಗೆ ಆಗುವುದಿಲ್ಲ. ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಮೊಳಕೆ ಉಜ್ಜಿ ತೂರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿಯಿರಿ. ಗಿರಣಿಗೆ ಬೆಳಗ್ಗೆ ಮೊದಲಿಗೇ ಹೋಗಿ, ಖಾರದ ಪುಡಿ ಬೀಸಿದ ಕಲ್ಲಿನಲ್ಲಿ ಹಾಕಿಸಬೇಡಿ. ಮನೆಗೆ ತಂದು ತೆಳು ಬಟ್ಟೆಯಲ್ಲಿ ಜಾಲಿಸಿ.

ಮೊಳಕೆ ಕಟ್ಟುವುದು ಸುಮ್ಮನೆ ಅಲ್ಲ. ಮೊಳೆತ ಧಾನ್ಯದೊಳಗಿನ ಕಿಣ್ವ ಗಂಜಿಯ ಅಂಟನ್ನು ಸಡಿಲಿಸುತ್ತದೆ, ಹಾಗಾಗಿ ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮಗುವಿನ ಹೊಟ್ಟೆ ಬಹಳ ಚಿಕ್ಕದು, ಬರೀ ನೀರು ತುಂಬಿಸಬಾರದಲ್ಲವೇ? ರಾಗಿಯ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ, ಗೋಧಿ ಹತ್ತಿರಕ್ಕೂ ಬರುವುದಿಲ್ಲ.

ಮೊದಲ ವಾರ ದಿನಕ್ಕೆರಡು ಸಲ ಎರಡು, ಮೂರು ಚಮಚ. ಚಮಚ ಓರೆ ಮಾಡಿದರೆ ಜಾರದೆ ನಿಲ್ಲುವಷ್ಟು ಗಟ್ಟಿಯಿರಲಿ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ, ಕಾಲು ಚಮಚ ತುಪ್ಪ ಹಾಕಿ. ಮುಂದೆ ಹೆಸರುಬೇಳೆ ಅನ್ನ, ಹಿಸುಕಿದ ಏಲಕ್ಕಿ ಬಾಳೆ, ಪಪ್ಪಾಯಿ, ಬೇಯಿಸಿದ ಸೊಪ್ಪು, ಮೊಟ್ಟೆ. ಬರೀ ರಾಗಿಯಲ್ಲೇ ಒಂದು ವರ್ಷ ತಳ್ಳಬೇಡಿ. ಬಾಟಲಿ ಬೇಡ, ಬಟ್ಟಲು ಮತ್ತು ಚಮಚ ಸಾಕು. ಕಡಲೆಕಾಯಿ ಬೀಜವನ್ನು ಪುಡಿ ಮಾಡಿ ಸೇರಿಸಬಹುದು, ಇಡೀ ಬೀಜವನ್ನು ಐದು ವರ್ಷದವರೆಗೆ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಹಸುವಿನ ಹಾಲನ್ನು ಕುಡಿಯಲು ಕೊಡುವುದೂ ಒಂದು ವರ್ಷದ ಮೇಲೆಯೇ. ನಮ್ಮ ಕಡೆ ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ, ಹೇಳಲು ಸಂಕಟವಾಗುತ್ತದೆ. ಕರೆದ ಹಾಲೆಲ್ಲ ಡೈರಿಗೆ ಹೋಗಿ, ಎರಡು ವರ್ಷದ ಮಗುವಿಗೆ ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡುತ್ತಾರೆ. ಆ ಮಗುವಿಗೆ ಒಂದು ಲೋಟ ತೆಗೆದಿಟ್ಟು ಮಿಕ್ಕದ್ದನ್ನು ಹಾಕಿ.

ಶಿರಾದ ನಿವೃತ್ತ ಆರೋಗ್ಯ ಸಹಾಯಕಿ

ಎರಡು ಮಾತು ಸೇರಿಸುತ್ತೇನೆ. ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಮಾತ್ರೆ ದಿನಕ್ಕೊಂದು. ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಬೇಡ, ಎರಡಕ್ಕೂ ನಡುವೆ ಕೆಲವು ಗಂಟೆ ಬಿಡುವಿರಲಿ. ಊಟದ ಹಿಂದೆಯೇ ಟೀ, ಕಾಫಿ ಬೇಡ, ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ, ತಾಯಿ ಕಾರ್ಡ್ ತೋರಿಸಿ ವಿಚಾರಿಸು. ಒಂಬತ್ತು ತಿಂಗಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆ, ಅದೇ ದಿನ ಎ ಜೀವಸತ್ವದ ಮೊದಲ ಡೋಸ್. ಊರು ಬದಲಾಯಿಸಿದರೂ ಕಾರ್ಡ್ ಮರೆಯಬೇಡ.

ಶ್ರೀನಿವಾಸಪುರದ ಮೊಮ್ಮಗಳು

ಎರಡು ತಿಂಗಳಾದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ತೋಪಿನಲ್ಲಿ ಕಾಯಿ ಗೋಲಿಯಷ್ಟಾಗಿವೆ. ಸಂಜೆಯ ಅಳು ಯಾವಾಗ ನಿಂತಿತೆಂದು ನೆನಪೇ ಇಲ್ಲ. ನಮ್ಮ ಊರಿನ ನೀರಿನ ಘಟಕ ಒಂದು ವಾರ ಕೆಟ್ಟಿತ್ತು, ಅಪ್ಪ ಬೈಕಿನಲ್ಲಿ ಪಕ್ಕದ ಊರಿಗೆ ಹೋಗಿ ಕ್ಯಾನ್ ತಂದರು. ಗ್ರಾಮ ಪಂಚಾಯಿತಿಗೆ ಹೋಗಿ ಫಿಲ್ಟರ್ ಯಾವಾಗ ಬದಲಾಯಿಸಿದಿರಿ, ಫ್ಲೋರೈಡ್ ಪರೀಕ್ಷೆ ಯಾವಾಗ ಮಾಡಿಸಿದಿರಿ ಎಂದು ಕೇಳಿ ಬರೆಸಿಕೊಂಡೂ ಬಂದರು.

ಸೋಮವಾರ ಮಗಳಿಗೆ ಮೊದಲ ಸರಿ ತಿನ್ನಿಸಿದೆವು. ಹಿಂದಿನ ವಾರವೇ ಅಜ್ಜಿ ರಾಗಿ ಮೊಳಕೆ ಕಟ್ಟಿ, ಹುರಿದು, ತಮ್ಮ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಮೂರು ಸಲ ಜಾಲಿಸಿಟ್ಟಿದ್ದರು. ಮೊದಲ ಎರಡು ಚಮಚ ಮಗಳು ನಾಲಿಗೆಯಿಂದ ಹೊರಗೆ ನೂಕಿದಳು. ಮೂರನೆಯದನ್ನು ಬಾಯಲ್ಲಿ ಇಟ್ಟುಕೊಂಡು ನಮ್ಮೆಲ್ಲರ ಮುಖ ನೋಡಿ ನುಂಗಿದಳು.

ಇವತ್ತು ಅಜ್ಜಿ ಸಾಣೆಕಲ್ಲನ್ನು ಕುದಿಯುವ ನೀರಿನಲ್ಲಿ ತೊಳೆದು ಹೊರಗೆ ತೆಗೆದರು. ರಾತ್ರಿ ನೆನೆಸಿಟ್ಟ ಒಂದು ಉತ್ತುತ್ತೆಯನ್ನು ಕ್ಯಾನ್ ನೀರಿನ ಹನಿ ಹಾಕಿ ಅದರ ಮೇಲೆ ತೇಯ್ದು, ನುಣ್ಣಗಿನ ಆ ಪೇಸ್ಟನ್ನು ಸರಿಯಲ್ಲಿ ಕಲಸಿದರು. ‘ಇದಕ್ಕೆ ಸಿಸ್ಟರ್ ಏನೂ ಅನ್ನುವುದಿಲ್ಲ ತಾನೆ, ಕೇಳಿ ಹೇಳು’ ಎಂದಿದ್ದಾರೆ. ಬಟ್ಟಲು ಖಾಲಿಯಾಗಿದೆ. ನಾಳೆಗೆ ಇನ್ನೊಂದು ಉತ್ತುತ್ತೆ ನೆನೆಸಲೇ ಎಂದು ಅಡುಗೆಮನೆಯಿಂದ ಕೇಳುತ್ತಿದ್ದಾರೆ.

ಶಿರಾದ ನಿವೃತ್ತ ಆರೋಗ್ಯ ಸಹಾಯಕಿ

ನೆನೆಸಲು ಹೇಳು ತಂಗಿ. ಬೀಜ, ಸಿಪ್ಪೆ ತೆಗೆದು ತೇಯಲಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.